ಎಂಟು ಚೂರಾದ ಬೋಗುಣಿ

ಊರಿನ ಹೋಟೆಲಿನವರು ಅವರಿಗೆ ಸುತ್ತಿಗೆ ಸಾಹೇಬರು ಎಂದು ಹೆಸರಿಟ್ಟಿದ್ದರು. ಎದುರಿಗೆ "ಬನ್ನಿ ಸಾರ್, ಕೂತ್ಕೊಳ್ಳಿ ಸಾರ್" ಎಂದು ಬೆನ್ನು ಬಗ್ಗಿಸುವವರೇ, ಅತ್ತ ತಿರುಗಿದ ಕೂಡಲೇ ಅಡುಗೆಮನೆಯ ಕಡೆಗೆ ಕತ್ತು ಚಾಚಿ "ಸುತ್ತಿಗೆ ಬಂತು ಕಣ್ರೋ" ಎಂದು ಪಿಸುಗುಟ್ಟುತ್ತಿದ್ದರು. ಆ ಪಿಸುಮಾತು ಅವರ ಕಿವಿಗೂ ಬೀಳುತ್ತಿತ್ತು. ಬಿದ್ದ ದಿನ ಅವರ ನಡಿಗೆ ಒಂದು ಅಂಗುಲ ಎತ್ತರದಲ್ಲಿ ಇರುತ್ತಿತ್ತು.

ಆರೋಗ್ಯ ಇಲಾಖೆಯಲ್ಲಿ ಅವರದು ಇಪ್ಪತ್ತಾರು ವರ್ಷದ ಸರ್ವೀಸು. ಹೋಟೆಲು, ಕ್ಯಾಂಟೀನು, ಬೇಕರಿ, ಕ್ಲಬ್ಬು, ಜನ ಕಾಸು ಕೊಟ್ಟು ತಿನ್ನುವ ಜಾಗ ಯಾವುದೇ ಇರಲಿ, ಅದರ ಅಡುಗೆಮನೆಗೆ ಹೇಳದೆ ಕೇಳದೆ ನುಗ್ಗುವುದು ಅವರ ಕೆಲಸ. ಇಲಾಖೆಯ ನಿಯಮಗಳು ನೂರಾರಿದ್ದರೂ ಅವರಿಗೆ ಜೀವಕ್ಕಿಂತ ಹೆಚ್ಚಾಗಿದ್ದದ್ದು ಒಂದೇ ಒಂದು. ಅಂಚು ಚಕ್ಕೆಯೆದ್ದ, ಸೀಳುಬಿಟ್ಟ, ಅಥವಾ ಊಟಕ್ಕಲ್ಲದ ಕೆಲಸಕ್ಕೆ ಬಳಕೆಯಾದ ಪಿಂಗಾಣಿ ಕಣ್ಣಿಗೆ ಬಿದ್ದರೆ ಮೊದಲು ಅದರ ಮೇಲೆ ಕೆಂಪು ಪೇಂಟಿನಲ್ಲಿ ಕತ್ತರಿ ಗುರುತು ಹಾಕಬೇಕು, ಆಮೇಲೆ ಮಾಲೀಕನ ಎದುರಿಗೇ ಒಡೆಯಬೇಕು, ಆಮೇಲೆ ವರದಿಯಲ್ಲಿ 'ನಾಶಪಡಿಸಲಾಗಿದೆ' ಎಂದು ಬರೆದು ಸಹಿ ಮಾಡಬೇಕು. ಅದಕ್ಕಾಗಿ ಅವರ ಚರ್ಮದ ಚೀಲದಲ್ಲಿ ಒಂದು ಪುಟ್ಟ ಪೇಂಟಿನ ಡಬ್ಬಿ, ಕೂದಲು ಕೆದರಿದ ಒಂದು ಕುಂಚ, ಒಂದು ಸುತ್ತಿಗೆ ಯಾವಾಗಲೂ ಇರುತ್ತಿದ್ದವು. ಬೇರೆ ಇನ್‌ಸ್ಪೆಕ್ಟರುಗಳು ಮಾಲೀಕನಿಗೇ "ಒಡೆದ್ಬಿಡಪ್ಪಾ" ಎಂದು ಹೇಳಿ ಹೊರಟುಬಿಡುತ್ತಿದ್ದರು. ಇವರು ಹಾಗಲ್ಲ. ಒಂದೊಂದು ಕಪ್ಪನ್ನೂ ನೆಲದ ಮೇಲೆ ಬೋರಲು ಹಾಕಿ, ಕುಕ್ಕರುಗಾಲಲ್ಲಿ ಕೂತು, ಟಣ್ ಎಂದು ಒಂದೇ ಏಟಿಗೆ ಕಥೆ ಮುಗಿಸುತ್ತಿದ್ದರು.

ಇಷ್ಟು ವರ್ಷ ಅಡುಗೆಮನೆಗಳನ್ನು ಹಿಂಬದಿಯಿಂದ ನೋಡಿದ ಮನುಷ್ಯನಿಗೆ ಹೊರಗಡೆ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ಮದುವೆಮನೆಗೆ ಹೋದರೂ ಉಂಡು ಹೋಗುವುದು, ಬಂದು ಉಣ್ಣುವುದು. ಲೋಟ ಸಿಕ್ಕರೆ ಮೂಸುವುದು, ತಟ್ಟೆ ಸಿಕ್ಕರೆ ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಅಂಚು ಸವರುವುದು ಅವರಿಗೆ ಉಸಿರಾಟದಷ್ಟೇ ಸಲೀಸು. ಇಡೀ ಊರಿನಲ್ಲಿ ಅವರು ನಂಬಿದ್ದ ಊಟದ ಮೇಜು ಒಂದೇ, ಅವರ ಮನೆಯದು.

ಮಜವೆಂದರೆ, ಆ ಮೇಜಿನ ಮೇಲೇ ಅವರು ದಿನದ ಹೊಲಸನ್ನೆಲ್ಲ ತಂದು ಸುರಿಯುತ್ತಿದ್ದರು. ಮಾತಿನಲ್ಲಿ, ಅಷ್ಟೇ. ಮೊದಲ ತುತ್ತು ಬಾಯಿಗಿಡುತ್ತಿದ್ದಂತೆ "ಇವತ್ತು ಆ ಬೇಕರೀಲಿ ಏನಾಯ್ತು ಗೊತ್ತಾ" ಎಂದು ಶುರು. ಹಿಟ್ಟಿನ ಡಬ್ಬಿಯಲ್ಲಿ ಹೆತ್ತ ಇಲಿ, ಹಾಲಿನ ಕೆನೆಯ ಮೇಲೆ ಈಜಾಡುವ ಜಿರಳೆ, ಕೈ ಒರೆಸಿದ ಬಟ್ಟೆಯಲ್ಲೇ ತಟ್ಟೆ, ತಟ್ಟೆ ಒರೆಸಿದ ಬಟ್ಟೆಯಲ್ಲೇ ಮೂಗು. ಎದುರಿಗೆ ಕೂತ ಹೆಂಡತಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು. ಆಕೆ ಸರಕಾರಿ ಆಸ್ಪತ್ರೆಯಲ್ಲಿ ನರ್ಸು, ಗಾಯದ ವಾರ್ಡಿನ ಹಿರಿಯ ಸಿಸ್ಟರ್. ಅವಳ ವಾರ್ಡಿನಲ್ಲಿ ದಿನಾ ಏನೇನು ನಡೆಯುತ್ತದೆ ಎಂದು ಇನ್‌ಸ್ಪೆಕ್ಟರು ಒಂದು ದಿನವೂ ಕೇಳಿದವರಲ್ಲ. ಅವರ ವರದಿಯೇ ಮುಗಿಯುತ್ತಿರಲಿಲ್ಲವಲ್ಲ.

ಈ ಹೆಂಡತಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಹುಚ್ಚು ಹಿಡಿಯಿತು. ಹುಚ್ಚು ಎನ್ನುವುದು ಇನ್‌ಸ್ಪೆಕ್ಟರ ಮಾತು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಗುಜರಿ ಅಂಗಡಿ. ಒಂದು ಸಂಜೆ ಆ ದಾರಿಯಲ್ಲಿ ಬರುವಾಗ, ತುಕ್ಕು ಹಿಡಿದ ನಟ್ಟು ಬೋಲ್ಟುಗಳನ್ನು ತುಂಬಿಟ್ಟಿದ್ದ ಒಂದು ಸಾಸರು ಅವಳ ಕಣ್ಣಿಗೆ ಬಿತ್ತು. ನಟ್ಟುಗಳ ಕೆಳಗಿನಿಂದ ಒಂದು ನೀಲಿ ಹೂವು ಇಣುಕುತ್ತಿತ್ತು. ಐದು ಎಸಳು, ನಡುವೆ ಹಳದಿ ಚುಕ್ಕೆ. ಅವಳು ನಟ್ಟುಗಳನ್ನು ನೆಲಕ್ಕೆ ಸುರಿದು ಸಾಸರನ್ನು ಸೀರೆಯ ಸೆರಗಿನಲ್ಲಿ ಒರೆಸಿಕೊಂಡು ತಂದೇಬಿಟ್ಟಳು. ಆಮೇಲೆ ಒಂದು ಕಪ್ಪು, ಅದು ಬೇರೆ ಹೂವಿನದು. ಆಮೇಲೆ ಮೂಗು ಮುರಿಯದ ಒಂದು ಟೀ ಪಾಟು, ಹಾಲಿನ ಜಗ್ಗು, ಒಂದೊಂದಾಗಿ ಏಳು ತಟ್ಟೆ. ಎಲ್ಲ ಹಳೆಯವು, ಎಲ್ಲಕ್ಕೂ ಮೈತುಂಬ ಹೂವು. ಹೊಸ ಪಿಂಗಾಣಿ ಕಂಡರೆ ಅವಳಿಗೆ ಆಗದು. "ಈಗಿನ ಹೂವೆಲ್ಲ ಮೆಷಿನ್ನು ಉಗುಳಿದ್ದು ಕಣ್ರೀ. ಇವನ್ನ ಯಾರೋ ಕೂತು ಬಿಡಿಸಿದಾರೆ. ನೋಡಿ, ಈ ಎಸಳು ಬಿಡಿಸೋವಾಗ ಪುಣ್ಯಾತ್ಮನಿಗೆ ಸೀನು ಬಂದಿದೆ" ಎಂದು ಒಂದು ವಕ್ರ ಎಸಳನ್ನು ಮುದ್ದಿನಿಂದ ಸವರುತ್ತಿದ್ದಳು.

"ಯಾರೋ ಬಿಡಿಸಿದಾರೆ, ಸರಿ. ಯಾರ್ಯಾರು ನೆಕ್ಕಿದಾರೆ ಅದು ಗೊತ್ತಾ?" ಎಂದರು ಇನ್‌ಸ್ಪೆಕ್ಟರು. "ಈ ಮೈಮೇಲೆ ಕೂದಲೆಳೆ ತರ ಗೆರೆ ಗೆರೆ ಇದೆಯಲ್ಲ, ಅದರೊಳಗಿನ ಕಂದು ಬಣ್ಣ ಏನಂದ್ಕೊಂಡಿದೀಯ? ನಲವತ್ತು ವರ್ಷದ ಎಂಜಲು ಕಣೇ. ಯಾರ ಹಲ್ಲು ಹುಳುಕಿತ್ತೋ, ಯಾರ ತುಟಿ ಒಡೆದಿತ್ತೋ. ಆ ಕಪ್ಪಿಗೆ ಬಾಯಿ ಹಚ್ಚೋದು ಒಂದೇ, ಗೊತ್ತಿಲ್ಲದವರ ಬಾಯಿಗೆ ಬಾಯಿ ಹಚ್ಚೋದೂ ಒಂದೇ."

"ಸೋಡಾ ಹಾಕಿ ಇಪ್ಪತ್ತು ನಿಮಿಷ ಕುದಿಸಿದೀನಿ. ನಿಮ್ಮ ಇಲಾಖೆ ಪುಸ್ತಕದಲ್ಲೇ ಇದೆ, ಮನೆ ಬಳಕೆಗೆ ಅಷ್ಟು ಸಾಕು ಅಂತ. ತೆಗೆದು ನೋಡ್ಕೊಳ್ಳಿ."

ಪುಸ್ತಕದಲ್ಲಿ ಇತ್ತು. ಅದನ್ನೇ ಅವರಿಗೆ ಸಹಿಸಲಾಗಲಿಲ್ಲ. ಹೇಸಿಗೆಗೆ ನಿಯಮದ ಬೆಂಬಲ ಇಲ್ಲದೆ ಹೋದರೆ ಮನುಷ್ಯ ಏನು ಮಾಡಬೇಕು?

ಅವಳ ಸಂಗ್ರಹದಲ್ಲಿ ಇನ್ನೊಂದು ತೊಂದರೆ ಎಂದರೆ ಅದು ಕಪಾಟಿನಲ್ಲಿ ಸುಮ್ಮನೆ ಕೂರುವ ಸಂಗ್ರಹವಲ್ಲ. ತಂದದ್ದನ್ನು ಬಳಸಲೇಬೇಕು ಎನ್ನುವುದು ಅವಳ ಹಟ. "ದಿನವಿಡೀ ಬಿಳೀ ಬೇಸಿನ್ನು, ಬಿಳೀ ಟ್ರೇ, ಬಿಳೀ ಬ್ಯಾಂಡೇಜು ನೋಡಿ ಬರ್ತೀನಿ. ಒಂದು ಹೂ ನೋಡ್ಕೊಂಡು ಊಟ ಮಾಡೋದು ತಪ್ಪಾ?" ಬೆಣ್ಣೆ ಹೂವಿನ ತಟ್ಟೆಯಲ್ಲಿ ಬಂತು, ಉಪ್ಪು ಹೂವಿನ ಬಟ್ಟಲಿಗೆ ಹೋಯಿತು. ಇನ್‌ಸ್ಪೆಕ್ಟರು ತಮಗೆಂದು ಒಂದು ಸ್ಟೀಲು ತಟ್ಟೆ, ಒಂದು ಸ್ಟೀಲು ಲೋಟ ಬೇರೆ ಇಟ್ಟುಕೊಂಡು, ಸ್ವಂತ ಮನೆಯಲ್ಲೇ ಪೇಯಿಂಗ್ ಗೆಸ್ಟಿನ ಹಾಗೆ ಉಣ್ಣತೊಡಗಿದರು.

ಅವಳ ಅಕ್ಕನಿಗೂ ಇದು ಕಂಡರಾಗದು, ಆದರೆ ಬೇರೆ ಕಾರಣಕ್ಕೆ. ಅಕ್ಕನ ಮನೆಯಲ್ಲಿ ಗಾಜಿನ ಬಾಗಿಲಿನ ಶೋಕೇಸು, ಅದರೊಳಗೆ ಪೆಟ್ಟಿಗೆಯಿಂದ ತೆಗೆದಂತೆಯೇ ಹೊಳೆಯುವ ಹೊಸ ಸೆಟ್ಟು, ಅದಕ್ಕೆ ಬೀಗ. ತಂಗಿಗೆ ಅವಳು ಇಟ್ಟ ಹೆಸರು ಗುಜರಿ ರಾಣಿ. ಹೋದ ವರ್ಷ ತಂಗಿ ಒಂದು ದೊಡ್ಡ ಮುಚ್ಚಳ ಕೊಂಡು ತಂದಾಗಲಂತೂ ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಬರೀ ಮುಚ್ಚಳ. ಕೆಳಗೆ ಪಾತ್ರೆ ಇಲ್ಲ. ಅದೇ ನೀಲಿ ಹೂವು, ಹಿಡಿಯುವುದಕ್ಕೆ ಮೊಗ್ಗಿನಂಥ ಗುಂಡಿ. "ಅಲ್ವೇ, ಟೋಪಿ ತಗೊಂಡು ತಲೆ ಹುಡುಕ್ತೀಯಲ್ಲೇ ಮಾರಾಯ್ತಿ!" ಸೂಪಿನ ದೊಡ್ಡ ಬೋಗುಣಿಯ ಮುಚ್ಚಳ ಅದು ಎಂದು ತಂಗಿಗೆ ಗೊತ್ತಿತ್ತು. ಬೋಗುಣಿ ಎಲ್ಲೋ ಇದೆ ಎಂದೂ ಗೊತ್ತಿತ್ತು. ಅದು ಸಿಗುವವರೆಗೆ ಮುಚ್ಚಳವನ್ನೇ ಅಂಗಾತ ಇಟ್ಟು, ಬೆಳಗಿನ ಹೊತ್ತು ಹೆಚ್ಚಿದ ಹಣ್ಣು ಹಾಕಿ ಮೇಜಿನ ಮೇಲೆ ಇಡುತ್ತಿದ್ದಳು. ಹಣ್ಣಿನ ವಿಷಯದಲ್ಲಿ ಮಾತ್ರ ಇನ್‌ಸ್ಪೆಕ್ಟರು ಸ್ವಲ್ಪ ಸಡಿಲ. ಫೋರ್ಕಿನಿಂದ ಚುಚ್ಚಿ, ಮುಚ್ಚಳಕ್ಕೆ ತಗುಲದ ಮೇಲಿನ ಹೋಳುಗಳನ್ನು ಆರಿಸಿಕೊಂಡು ತಿನ್ನುತ್ತಿದ್ದರು.

ಅವಳಿಗೆ ಐವತ್ತು ತುಂಬುವ ಭಾನುವಾರಕ್ಕೆ ಇನ್ನೂ ಆರು ದಿನ ಇತ್ತು. "ಅಕ್ಕ, ಭಾವ ಮಧ್ಯಾಹ್ನ ಊಟಕ್ಕೆ ಬರ್ತಾರೆ" ಎಂದಳು ಅವಳು. "ನನಗೆ ಸೀರೆ ಗೀರೆ ಏನೂ ಬೇಡ. ಅವತ್ತೊಂದು ದಿನ ನೀವೂ ಎಲ್ಲರ ಜೊತೆ ಹೂವಿನ ತಟ್ಟೇಲಿ ಊಟ ಮಾಡಿ. ಬೆಳಕಿಗೆ ಹಿಡೀಬಾರದು. ಮೂಸಬಾರದು. ಕರ್ಚೀಫಲ್ಲಿ ಒರೆಸಬಾರದು. ಮುಖ ಸಿಂಡರಿಸಬಾರದು. ಗಂಡನೇ ಮುಟ್ಟದ ತಟ್ಟೇಲಿ ಅಕ್ಕನಿಗೆ ಹೇಗೆ ಬಡಿಸ್ಲಿ ಹೇಳಿ?"

ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇನ್‌ಸ್ಪೆಕ್ಟರು "ಆಯ್ತು" ಎಂದರು. ಒಂದು ಹೊತ್ತು ತಾನೆ, ಉಸಿರು ಬಿಗಿಹಿಡಿದರೆ ಕಳೆಯುತ್ತದೆ.

ಗುರುವಾರ ಸಂಜೆ ಅವಳು ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ಬಂದಳು. ಎರಡೂ ಕೈಯಲ್ಲಿ ಹಳೇ ಪೇಪರು ಸುತ್ತಿದ ಒಂದು ಗಂಟು. ಮೇಜಿನ ಮೇಲೆ ಇಟ್ಟು ಪೇಪರು ಬಿಡಿಸಿದಳು. ಎರಡು ಕಿವಿಯ ಹಿಡಿಕೆಯ, ಮಗುವಿಗೆ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಬೋಗುಣಿ. ಸುತ್ತಲೂ ನೀಲಿ ಹೂವಿನ ಹಾರ. ಮುಚ್ಚಳ ತಂದು ಮೇಲಿಟ್ಟಳು. ಟಕ್ ಎಂದು ಕೂತಿತು.

"ಹನ್ನೊಂದು ತಿಂಗಳು!" ಅವಳ ಕಣ್ಣಲ್ಲಿ ನೀರು. "ಸಿಸ್ಟರಮ್ಮ, ನಿಮಗೋಸ್ಕರಾನೇ ತೆಗೆದಿಟ್ಟೆ ಅಂದ ಆ ಗುಜರಿಯವನು. ಮುಚ್ಚಿಹೋಯ್ತಲ್ಲ ಹಳೇ ಕ್ಲಬ್ಬು, ಅಲ್ಲಿದ್ದದ್ದು ಸುತ್ತಿ ಸುತ್ತಿ ಅವನ ಹತ್ರ ಬಂದಿದೆ. ಇನ್ನೊಂದು ಗೊತ್ತಾ? ಇಲ್ನೋಡಿ, ಹಿಡಿಕೆ ಕೆಳಗೆ ಕೆಂಪು. ಕತ್ತರಿ ತರ. ಇದು ಮಾಡಿದ ಕುಶಲಕರ್ಮಿ ಕೈಗುರುತಂತೆ. ತುಂಬ ಚೆನ್ನಾಗಿ ಬಂದ ಒಂದೋ ಎರಡೋ ಪಾತ್ರೆಗೆ ಮಾತ್ರ ಹಾಕ್ತಿದ್ರಂತೆ. ನೋಡಿ, ಆ ಕುಂಚದ ಎಳೆ ಎಷ್ಟು ಧೈರ್ಯವಾಗಿದೆ!"

ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಒಂದು ಗೆರೆ ಉದ್ದ, ಒಂದು ಗೆರೆ ಗಿಡ್ಡ, ಉದ್ದನೆಯದರ ತುದಿ ಕುಂಚದ ಕೂದಲು ಕೆದರಿದ್ದರಿಂದ ಬಾಲದಂತೆ ಸೀಳಿತ್ತು. ಸ್ವಂತ ಸಹಿಯನ್ನು ಗುರುತು ಹಿಡಿಯುವಷ್ಟೇ ಸುಲಭವಾಗಿ ಅವರು ಅದನ್ನು ಗುರುತು ಹಿಡಿದರು. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಬಾಗಿಲು ತಟ್ಟಿತು.

ಇಲ್ಲಿ ಕಾಲಿನ ಕಥೆಯನ್ನು ಹೇಳಲೇಬೇಕು. ಅದು ಇನ್‌ಸ್ಪೆಕ್ಟರ ಕಥೆಗಳಲ್ಲೆಲ್ಲ ಮೇರು. ನೆಂಟರಿಷ್ಟರಲ್ಲಿ ಅದನ್ನು ಕೇಳದವರಿಲ್ಲ. ಅವರು ಎಲ್ಲಿ ಹೋದರೂ ಜನ ಅದನ್ನೇ ಹೇಳಿಸುತ್ತಿದ್ದರು. ಏಳು ವರ್ಷದ ಹಿಂದೆ ಅವರು ದೊಡ್ಡ ಮನುಷ್ಯರ ಆ ಕ್ಲಬ್ಬಿನ ಅಡುಗೆಮನೆಗೆ ನುಗ್ಗಿದಾಗ, ಮುಖ್ಯ ಅಡುಗೆಯವನು ಸ್ಟೂಲಿನ ಮೇಲೆ ಕಣ್ಣುಮುಚ್ಚಿ ಕೂತಿದ್ದ. ಎಡಗಾಲು ಹೂವಿನ ಸೂಪಿನ ಬೋಗುಣಿಯಲ್ಲಿ, ಬಿಸಿ ಉಪ್ಪುನೀರಿನಲ್ಲಿ. ಅಂಗಾಲಿನ ಆಣಿಗೆ ಚಿಕಿತ್ಸೆ. ಪಕ್ಕದಲ್ಲಿ ಬೋಗುಣಿಯ ಮುಚ್ಚಳ ಅಂಗಾತ. ಅದರಲ್ಲಿ ಒಂದು ಬ್ಲೇಡು, ಒಂದು ಉಜ್ಜುವ ಕಲ್ಲು, ಮತ್ತು ಅಂಗಾಲಿನಿಂದ ಹೆರೆದು ತೆಗೆದ ಹಳದಿ ಚರ್ಮದ ಸುರುಳಿಗಳು. ಈ ಸುರುಳಿಗಳನ್ನು ಇನ್‌ಸ್ಪೆಕ್ಟರು ಹೇಳುವಾಗ ಕೈಬೆರಳಿನಲ್ಲಿ ಸುತ್ತಿ ತೋರಿಸುತ್ತಿದ್ದರು, ಕೇಳುವವರು "ಥೂ! ಸಾಕು, ಸಾಕು!" ಎನ್ನಬೇಕು, ಇವರು ನಿಲ್ಲಿಸಬಾರದು. ಕಡೆಗೆ: "ಎಳಿ ಕಾಲು ಅಂದೆ. ಎಳೆದ. ಕೆಂಪು ಗುರುತು ಹಾಕ್ದೆ, ಸುತ್ತಿಗೆ ತೆಗೆದೆ, ಒಂದೇ ಏಟು. ಎಂಟು ಚೂರು. ಎಣಿಸಿದೀನಿ."

ಕಥೆ ಅಷ್ಟೂ ನಿಜ, ಎಳೆದ ಕಾಲು ಮತ್ತು ಕಡೆಯ ಎಂಟು ಚೂರು ಬಿಟ್ಟು.

ನಡೆದದ್ದೇ ಬೇರೆ. ಅಡುಗೆಯವನು ಕಾಲು ಎಳೆಯಲೇ ಇಲ್ಲ. "ಸಾರ್, ಇಪ್ಪತ್ತು ನಿಮಿಷ ನೆನೀಬೇಕು ಅಂದಿದಾರೆ ಡಾಕ್ಟ್ರು. ಇನ್ನು ಎಂಟೇ ನಿಮಿಷ ಇದೆ. ಕೂತ್ಕೊಳ್ಳಿ" ಎಂದುಬಿಟ್ಟ. ಇನ್‌ಸ್ಪೆಕ್ಟರು ಕಾಲಿದ್ದ ಹಾಗೆಯೇ ಬಗ್ಗಿ ಹಿಡಿಕೆಯ ಕೆಳಗೆ ಗುರುತು ಹಾಕಿದರು. ಅಷ್ಟರಲ್ಲಿ ನೀರಿನ ಆವಿ ಮೂಗಿಗೆ ಬಡಿಯಿತು. ಎಂಟು ನಿಮಿಷ ಕಾಯುವುದಿರಲಿ, ಎಂಟು ಉಸಿರು ಎಳೆದುಕೊಳ್ಳುವುದೂ ಆಗದೆ, ಕರ್ಚೀಫು ಬಾಯಿಗೊತ್ತಿಕೊಂಡು ಹಿಂಬಾಗಿಲಿನಿಂದ ಓಡಿ, ಕಾಂಪೌಂಡಿನ ಗೋಡೆ ಹಿಡಿದುಕೊಂಡು ವಾಂತಿ ಮಾಡಿಕೊಂಡಿದ್ದರು. ಮತ್ತೆ ಒಳಗೆ ಹೋಗುವ ಧೈರ್ಯವಾಗಲಿಲ್ಲ. ಆಫೀಸಿಗೆ ಬಂದು 'ನಾಶಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು. ಸರ್ವೀಸಿನಲ್ಲೆಲ್ಲ ಅವರು ಒಡೆಯದೆ ಬಿಟ್ಟದ್ದು ಅದೊಂದೇ ಪಾತ್ರೆ. ಬೇರೆ ಯಾರಾದರೂ ಆಗಿದ್ದರೆ ಎಂಟು ನಿಮಿಷ ಕೂತು ಒಡೆದು ಬರುತ್ತಿದ್ದರು. ಇವರ ಹೇಸಿಗೆ ಅಷ್ಟು ದೊಡ್ಡದಾಗಿದ್ದರಿಂದಲೇ ಬೋಗುಣಿ ಬದುಕಿಕೊಂಡಿತು.

ಈಗ ಅದು ಅವರ ಊಟದ ಮೇಜಿನ ಮೇಲೆ ಕೂತು ಹೊಳೆಯುತ್ತಿತ್ತು. ಮುಚ್ಚಳದ ಸಮೇತ. ಹೂವಿನ ಮುಚ್ಚಳಗಳನ್ನು ನೂರಾರು ಕಂಡಿದ್ದ ಅವರಿಗೆ ಈವರೆಗೆ ಅದರ ಮೇಲೆ ಅನುಮಾನವೇ ಬಂದಿರಲಿಲ್ಲ. ಮುಚ್ಚಳದ ನೆನಪಾದದ್ದೇ ತಡ, ಹನ್ನೊಂದು ತಿಂಗಳು ಬೆಳಗ್ಗೆ ಬೆಳಗ್ಗೆ ತಿಂದ ಹಣ್ಣಿನ ಹೋಳುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು, ಒಂದೊಂದರ ಅಂಚಿನಲ್ಲೂ ಹಳದಿ ಸುರುಳಿ. ಇನ್‌ಸ್ಪೆಕ್ಟರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

"ಏನಾಯ್ತ್ರೀ? ಹೇಗಿದೆ ಅಂತ ಹೇಳ್ಲೇ ಇಲ್ಲ!" ಎಂದಳು ಅವಳು ಹೊರಗಿನಿಂದ.

"ದೊಡ್ಡದಾಗಿದೆ" ಎಂದರು ಒಳಗಿನಿಂದ.

ಹೇಳಿಬಿಡಬೇಕು ಎಂದು ಶುಕ್ರವಾರ ಮೂರು ಸಲ ಬಾಯಿ ತೆರೆದರು. ಮೊದಲನೆಯ ಸಲ ಅವಳು ಬೋಗುಣಿಯನ್ನು ಸೋಡಾ ನೀರಿನಲ್ಲಿ ಕುದಿಸುತ್ತ ಹಾಡು ಗುನುಗುತ್ತಿದ್ದಳು. ಎರಡನೆಯ ಸಲ ಅಕ್ಕನಿಗೆ ಫೋನು ಮಾಡಿ, "ತಲೆ ಸಿಕ್ತು ಕಣೇ ಟೋಪಿಗೆ, ಭಾನುವಾರ ನೋಡುವಂತೆ" ಎನ್ನುತ್ತಿದ್ದಳು. ಮೂರನೆಯ ಸಲ ಅವಳೇ "ಏನು?" ಎಂದಳು. "ಅಲ್ಲ, ನಾಲ್ಕೇ ಜನಕ್ಕೆ ಅಷ್ಟು ದೊಡ್ಡ ಬೋಗುಣಿ ಯಾಕೆ, ಕುಕ್ಕರಿನಲ್ಲೇ ಇಟ್ಟುಬಿಡು ಸೂಪನ್ನ" ಎಂದರು. ಅವಳು ಕೊಟ್ಟ ನೋಟಕ್ಕೆ ಅವರು ಚಪ್ಪಲಿ ಮೆಟ್ಟಿಕೊಂಡು ತರಕಾರಿ ತರಲು ಹೊರಟರು. ಮನೆಯಲ್ಲಿ ತರಕಾರಿ ಸಾಕಷ್ಟಿತ್ತು.

ಹೇಳುವುದೇನೋ ಸುಲಭ. ಆದರೆ ಹೇಳಿದರೆ ಎರಡು ಒಡೆಯುತ್ತವೆ: ಅವಳ ಭಾನುವಾರ, ಇವರ ಎಂಟು ಚೂರು. ಯಾವುದರ ಹೆದರಿಕೆ ಹೆಚ್ಚು ಎಂದು ತಮ್ಮನ್ನು ತಾವು ಕೇಳಿಕೊಂಡರು. ಉತ್ತರ ಬರುವ ಮೊದಲೇ ಮಾತು ಬದಲಿಸಿದರು.

ಶನಿವಾರ ಅವಳಿಗೆ ಬೆಳಗಿನ ಡ್ಯೂಟಿ. ಇವರು ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬೋಗುಣಿಯನ್ನು ಎದೆಯ ಮಟ್ಟಕ್ಕೆ ಎತ್ತಿದರು. ಕೈ ಜಾರಿತು ಎಂದರೆ ಮುಗಿಯಿತು. ಏಳು ವರ್ಷ ತಡವಾಗಿ ವರದಿ ನಿಜವಾಗುತ್ತದೆ. ಆಗ ಬೋಗುಣಿಯೊಳಗೆ ಒಂದು ಚೀಟಿ ಕಂಡಿತು. ಗುಂಡಗಿನ ನರ್ಸ್ ಅಕ್ಷರದಲ್ಲಿ: 'ಮುಟ್ಟಬೇಡಿ. ಮುಟ್ಟಲೇಬೇಕಿದ್ದರೆ ಕೈ ತೊಳೆದುಕೊಂಡು ಮುಟ್ಟಿ.' ಇನ್‌ಸ್ಪೆಕ್ಟರಿಗೆ ಈ ತನಕ ಯಾರೂ ಕೈ ತೊಳೆದುಕೋ ಎಂದು ಹೇಳಿರಲಿಲ್ಲ. ಬೋಗುಣಿಯನ್ನು ಇದ್ದ ಜಾಗದಲ್ಲೇ ಇಟ್ಟು, ಹೋಗಿ ಕೈ ತೊಳೆದುಕೊಂಡರು. ಯಾವ ಕಾರಣಕ್ಕೆ ತೊಳೆದುಕೊಂಡರೋ ಅವರಿಗೇ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ಬಂದಳು, ಜೊತೆಗೆ ಅವಳ ಗಂಡ, ಎಂದರೆ ಇನ್‌ಸ್ಪೆಕ್ಟರ ಷಡ್ಡಕ. ಷಡ್ಡಕ ಮಾತು ಕಡಿಮೆ, ಊಟ ಜಾಸ್ತಿಯ ಮನುಷ್ಯ. ಮೇಜಿಗೆ ಇಸ್ತ್ರಿ ಹಾಕಿದ ಬಿಳಿ ಬಟ್ಟೆ, ಅದರ ಮೇಲೆ ನಾಲ್ಕು ಬಗೆಯ ಹೂವಿನ ನಾಲ್ಕು ತಟ್ಟೆ. ನಡುವೆ ಬೋಗುಣಿ. ಹೆಂಡತಿ ಮುಚ್ಚಳ ಎತ್ತಿದಳು. ತರಕಾರಿ ಸೂಪಿನ ಆವಿ ಮೇಲೆದ್ದಿತು. ಇನ್‌ಸ್ಪೆಕ್ಟರು ಉಸಿರು ಬಿಗಿಹಿಡಿದರು.

ಅಕ್ಕ ಬೋಗುಣಿಯನ್ನು ಒಂದು ಸುತ್ತು ನೋಡಿದಳು, ತಟ್ಟೆಗಳನ್ನು ನೋಡಿದಳು, ಒಂದು ಕಪ್ಪನ್ನು ಎತ್ತಿ ತಿರುಗಿಸಿದಳು. ಕುಹಕಕ್ಕೆ ತೆರೆದ ಬಾಯಿ ಹಾಗೇ ಸ್ವಲ್ಪ ಹೊತ್ತು ನಿಂತಿತು. "ಅಲ್ಲಾ ಕಣೇ," ಎಂದಳು ಕಡೆಗೆ, "ಇದರ ಮುಂದೆ ನನ್ನ ಶೋಕೇಸಲ್ಲಿರೋದು ಆಸ್ಪತ್ರೆ ಸಾಮಾನಿನ ತರ ಕಾಣತ್ತಲ್ಲೇ."

ಹೆಂಡತಿಯ ಕಿವಿ ಕೆಂಪಾದವು. ಐವತ್ತು ವರ್ಷದಲ್ಲಿ ಅಕ್ಕ ಅವಳನ್ನು ಹೊಗಳಿದ್ದು ಅದೇ ಮೊದಲು.

ಇನ್‌ಸ್ಪೆಕ್ಟರು ಚಮಚ ಎತ್ತಿದರು. ಬೆಳಕಿಗೆ ಹಿಡಿಯಲಿಲ್ಲ, ಮೂಸಲಿಲ್ಲ. ಇಪ್ಪತ್ತು ನಿಮಿಷ ಕುದಿಸಿದೆ, ಇಪ್ಪತ್ತು ನಿಮಿಷ ಕುದಿಸಿದೆ ಎಂದು ಮನಸ್ಸಿನಲ್ಲಿ ಜಪಿಸುತ್ತ ಮೊದಲ ಗುಟುಕು ನುಂಗಿದರು. ಕ್ಯಾರೆಟ್ಟಿನ ಒಂದು ತೆಳು ಹೋಳು ಸುರುಳಿ ಸುತ್ತಿಕೊಂಡು ನಾಲಿಗೆಗೆ ಸಿಕ್ಕಿತು. ಅಗಿಯದೆ ನುಂಗಿದರು. ಅದು ಗಂಟಲಿನಲ್ಲಿ ನಿಂತು ಸುತ್ತಮುತ್ತ ನೋಡಿ ನಿಧಾನವಾಗಿ ಇಳಿಯಿತು. ಮುಖ ಮಾತ್ರ ಸಿಂಡರಿಸಲಿಲ್ಲ. ಹೆಂಡತಿ ಅದನ್ನು ನೋಡಿ ತುಟಿಯ ಅಂಚಿನಲ್ಲಿ ನಕ್ಕಳು.

ಎರಡನೆಯ ಸಲ ಬಡಿಸಿಕೊಂಡ ಷಡ್ಡಕನಿಗೆ ಮಾತು ಬಂತು. "ಇನ್‌ಸ್ಪೆಕ್ಟ್ರೇ, ಊಟಕ್ಕೆ ಕೂತು ಇಷ್ಟು ಹೊತ್ತಾಯ್ತು, ಒಂದು ಇಲೀನೂ ಬರ್ಲಿಲ್ಲ? ಆ ಕಾಲಿನ ಕಥೆ ಹೇಳ್ರೀ. ಅದು ಕೇಳಿದ್ರೇನೇ ನನಗೆ ಊಟ ಸೇರೋದು."

"ಬೇಡ ಭಾವ, ಇವತ್ತು ಬೇಡ. ಹುಟ್ಟುಹಬ್ಬ" ಎಂದರು ಇನ್‌ಸ್ಪೆಕ್ಟರು.

"ಅಯ್ಯೋ, ನೆಂಟರ ಮದುವೇಲೇ ಹೇಳಿದೀರಿ, ಹುಟ್ಟುಹಬ್ಬಕ್ಕೇನು!" ಎಂದಳು ಅಕ್ಕ. "ಹೇಳಿ ಹೇಳಿ. ಅಡುಗೆಯವನು ಸ್ಟೂಲಿನ ಮೇಲೆ ಕೂತಿದ್ದ…"

"ಹೂಂ, ಕೂತಿದ್ದ. ಕಾಲು ಒಂದು… ಕಬ್ಬಿಣದ ಬೇಸಿನ್‌ನಲ್ಲಿತ್ತು."

"ಕಬ್ಬಿಣದ್ದಾ? ಪಿಂಗಾಣಿದು ಅಂತಿದ್ರಿ. ಹೂವಿಂದು."

"ಪಿಂಗಾಣಿನೇ. ಹೂವು ಇತ್ತು. ಕೆಂಪು ಹೂವು."

"ನೀಲಿ ಅಂತಿದ್ರಪ್ಪ" ಎಂದ ಷಡ್ಡಕ ಸೂಪು ಹೀರುತ್ತ. "ನೀಲಿ ಹೂವು, ಹಳದಿ ಚುಕ್ಕೆ. ಆ ಚರ್ಮದ ಹಳದೀನೂ ಚುಕ್ಕೆ ಹಳದೀನೂ ಒಂದೇ ತರ ಇತ್ತು ಅಂತ ಹೇಳಿ ನನ್ನ ಹೆಂಡ್ತಿ ಊಟ ಬಿಡಿಸಿದ್ರಲ್ಲ. ಇದೇ ತರ, ನೋಡಿ" ಎಂದು ಸೌಟಿನ ಕಡೆ ಕೈ ಚಾಚಿದ.

ಸೌಟು ಹೆಂಡತಿಯ ಕೈಯಲ್ಲಿತ್ತು. ಅದು ಗಾಳಿಯಲ್ಲಿ ನಿಂತಿತು. ಆ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಅವಳು. ಯಾರಿಗೂ ನೆನಪಿಲ್ಲದ ಕೆಂಪು ಗುರುತೂ ಅವಳಿಗೆ ನೆನಪಿತ್ತು, ಕ್ಲಬ್ಬಿನ ಹೆಸರೂ ನೆನಪಿತ್ತು. ಒಡೆದುಹೋದದ್ದು ಎಂದು ನಂಬಿದ್ದರಿಂದ ಗುರುವಾರ ಹೊಳೆದಿರಲಿಲ್ಲ, ಅಷ್ಟೇ. ಅವಳ ಎಡಗೈ ಹೆಬ್ಬೆರಳು ಮೆಲ್ಲಗೆ ಹಿಡಿಕೆಯ ಕೆಳಕ್ಕೆ ಹೋಗಿ ಅಲ್ಲಿ ಒಂದು ಸಲ ಸವರಿತು. ಆಮೇಲೆ ಅವಳು ಗಂಡನ ಮುಖ ನೋಡಿದಳು. ಇನ್‌ಸ್ಪೆಕ್ಟರು ಉಪ್ಪಿನ ಬಟ್ಟಲನ್ನು ನೋಡುತ್ತಿದ್ದರು.

"ಅದನ್ನ ಇವರು ಅಲ್ಲೇ ಒಡೆದು ಹಾಕಿದ್ರು ಭಾವ" ಎಂದಳು ಅವಳು. ದನಿ ವಾರ್ಡಿನಲ್ಲಿ ಹೊಲಿಗೆ ಬಿಚ್ಚುವಾಗ ಇರುವಷ್ಟು ಮೃದುವಾಗಿತ್ತು. "ಅಲ್ವೇನ್ರೀ? ಎಷ್ಟು ಚೂರು?"

"ಎಂಟು" ಎಂದರು ಇನ್‌ಸ್ಪೆಕ್ಟರು.

"ಎಣಿಸಿದೀರಿ."

"ಎಣಿಸಿದೀನಿ."

"ನಿಮ್ಮ ತಟ್ಟೆ ಖಾಲಿಯಾಗಿದೆ" ಎಂದು ಅವಳು ಸೌಟು ತುಂಬ ಸೂಪು ಅವರ ತಟ್ಟೆಗೆ ಹಾಕಿದಳು. ಆಮೇಲೆ ಇನ್ನೊಂದು ಸೌಟು. "ತಿನ್ನಿ. ಕ್ಯಾರೆಟ್ ಬಿಡಬೇಡಿ."

ಷಡ್ಡಕ "ಥೂ" ಎಂದು ಹೊಟ್ಟೆ ಕುಲುಕಿಸಿ ನಕ್ಕು ಮೂರನೆಯ ಸಲ ಬಡಿಸಿಕೊಂಡ. ಅಕ್ಕ ಹೋಗುವಾಗ ಬೋಗುಣಿಯ ಮುಚ್ಚಳವನ್ನು ತಾನೇ ಎತ್ತಿ ಮುಚ್ಚಿ, "ಇಂಥದ್ದು ನನಗೂ ಒಂದು ಹುಡುಕಿಕೊಡೇ" ಎಂದು ತಂಗಿಯ ಗಲ್ಲ ಹಿಡಿದಳು. ಗುಜರಿ ರಾಣಿ ಎನ್ನಲಿಲ್ಲ.

ಅವರು ಹೋದ ಮೇಲೆ ಹೆಂಡತಿ ಸಿಂಕಿನ ಮುಂದೆ ನಿಂತು ಬೋಗುಣಿ ತೊಳೆಯತೊಡಗಿದಳು. ಇನ್‌ಸ್ಪೆಕ್ಟರು ಅಡುಗೆಮನೆಯ ಬಾಗಿಲಿನಲ್ಲಿ ನಿಂತರು. ಎಷ್ಟೋ ಹೋಟೆಲು ಮಾಲೀಕರು ಹೀಗೆ ಬಾಗಿಲಿನಲ್ಲಿ ನಿಂತು ಅವರ ಮುಖ ನೋಡಿದ್ದರು.

"ಆಣಿ ಅಷ್ಟೇನಾ, ಕೀವೂ ಇತ್ತಾ?" ಎಂದಳು ತಿರುಗದೆ.

"ಕೀವು… ಕಾಣಿಸ್ಲಿಲ್ಲ."

"ಬಾವು?"

"ಇಲ್ಲ."

"ಹಾಗಾದ್ರೆ ಸರಿ. ನಮ್ಮ ವಾರ್ಡಿನ ಬೇಸಿನ್ನುಗಳು ಕಂಡಿರೋದರ ಮುಂದೆ ಇದು ಏನೂ ಅಲ್ಲ." ನೀರು ಸುರಿದಳು, ಬೋಗುಣಿಯನ್ನು ಬೋರಲು ಹಾಕಿದಳು. ಆಮೇಲೆ ತಿರುಗಿದಳು. "ಕಾಲು ಹಾಳಾಗ್ಲಿ. ಏಳು ವರ್ಷ ಎಂಟು ಚೂರು, ಎಂಟು ಚೂರು ಅಂತ ನನ್ನ ಮುಖ ನೋಡ್ಕೊಂಡು ಹೇಳಿದ್ರಲ್ಲ, ಅನ್ನ ತಿಂತಾ. ಅದು ಹೇಗ್ರೀ ಇಳೀತು ಗಂಟಲಲ್ಲಿ?"

"ಕಥೆಗೆ ಒಂದು ಕೊನೆ ಬೇಕಿತ್ತು ಕಣೇ" ಎಂದರು ಇನ್‌ಸ್ಪೆಕ್ಟರು. ಹೇಳಿದ ಮೇಲೆ ಆ ಮಾತು ಹಳಸಿದ ಹಾಲಿನ ಹಾಗೆ ಅವರ ಬಾಯಲ್ಲೇ ಉಳಿಯಿತು. "ಅವನು ಕಾಲು ತೆಗೀಲಿಲ್ಲ. ನನಗೆ ವಾಂತಿ ಬಂತು. ಓಡಿಬಂದೆ."

ಅವಳು ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಆ ನೋಟವನ್ನು ಇನ್‌ಸ್ಪೆಕ್ಟರು ಚೆನ್ನಾಗಿ ಬಲ್ಲರು. ಕೆನೆಯ ಮೇಲಿನ ಜಿರಳೆಯನ್ನು ಅವರು ನೋಡುತ್ತಿದ್ದದ್ದು ಹಾಗೇ. ಕೈ ಒರೆಸುವ ಬಟ್ಟೆಯನ್ನು ಎರಡೇ ಬೆರಳಿನಲ್ಲಿ, ತುದಿ ಹಿಡಿದು, ಅವರ ಕಡೆಗೆ ಚಾಚಿದಳು.

"ಒರೆಸಿ. ಎಲ್ಲಾ ತಟ್ಟೇನೂ."

ಒರೆಸಿದರು. ಏಳು ತಟ್ಟೆ, ಕಪ್ಪು, ಸಾಸರು, ಬೋಗುಣಿ, ಮುಚ್ಚಳ. ಅವಳು ಪಕ್ಕದಲ್ಲಿ ನಿಂತು ನೋಡಿದಳು. ಮುಚ್ಚಳದ ಒಳಮೈ ಒರೆಸುವಾಗ ಅವರ ಕೈ ನಿಂತಿತು. "ಅಲ್ಲಿ, ಮೂಲೆಯಲ್ಲಿ ನೀರಿದೆ" ಎಂದಳು.

ಅಕ್ಕನಿಗೆ ಅವಳು ಏನೂ ಹೇಳಲಿಲ್ಲ. ಬೋಗುಣಿ ಈಗಲೂ ವಾರಕ್ಕೆರಡು ಸಲ ಮೇಜಿಗೆ ಬರುತ್ತದೆ. ಇನ್‌ಸ್ಪೆಕ್ಟರು ಅದರಿಂದಲೇ ತಿನ್ನುತ್ತಾರೆ. ಬೇರೆ ದಾರಿ ಇಲ್ಲ, ಹೊರಗಡೆ ಅವರಿಗೆ ಸೇರುವುದಿಲ್ಲವಲ್ಲ. ಪ್ರತಿ ಚಮಚವನ್ನೂ ಬೆಳಕಿಗೆ ಹಿಡಿಯದೆ, ಮೂಸದೆ ಇಳಿಸುತ್ತಾರೆ. ಇಲಿ ಜಿರಳೆಗಳ ಕಥೆ ನಿಂತುಹೋಯಿತು, ಹೇಳಹೊರಟರೆ ಅವಳು "ಇದೂ ಎಂಟು ಚೂರಾ?" ಎನ್ನುತ್ತಾಳೆ ಎಂಬ ಹೆದರಿಕೆ.

ಮೊದಲ ಎರಡು ವಾರ ಮೇಜಿನ ಮೇಲೆ ಚಮಚದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರನೆಯ ವಾರ, ಒಂದು ಮಂಗಳವಾರ, ಅವಳು ತಟ್ಟೆಗೆ ಸೂಪು ಹಾಕಿಕೊಂಡು, ಬ್ರೆಡ್ಡು ಮುರಿದು ಅದ್ದಿ, ಕಿಟಕಿಯ ಕಡೆ ನೋಡುತ್ತ, ಏನೋ ಹಳೆಯ ನೆನಪು ಬಂದವಳಂತೆ ಶುರು ಮಾಡಿದಳು.

"ಇವತ್ತು ವಾರ್ಡಲ್ಲಿ ಏನಾಯ್ತು ಗೊತ್ತಾ? ಆ ಹದಿನಾಲ್ಕನೇ ಬೆಡ್ಡಿನ ಅಜ್ಜನ ಬೆನ್ನಿನ ಹುಣ್ಣು ಇತ್ತಲ್ಲ, ಅಲ್ಲ, ನಿಮಗೆಲ್ಲಿ ಗೊತ್ತು, ನೀವು ಕೇಳಿದ್ರೆ ತಾನೆ. ಬ್ಯಾಂಡೇಜು ಬಿಚ್ಚಿದ್ವಿ. ಬಿಚ್ಚಿದ್ರೆ ಒಳಗಡೆ ಏನೋ ಅಲ್ಲಾಡ್ತಿದೆ…"

ಇನ್‌ಸ್ಪೆಕ್ಟರು ಚಮಚ ಕೆಳಗಿಟ್ಟರು.

"ಕೆಳಗಿಡಬೇಡಿ" ಎಂದಳು ಅವಳು, ಬ್ರೆಡ್ಡು ಅಗಿಯುತ್ತ. "ತಿಂತಾ ಕೇಳಿ. ಇನ್ನೂ ಶುರುವೇ ಆಗಿಲ್ಲ."